ಕಾಶಿಗೆ ಹೊರಡುವವರಿಗೆ ಪಾಯಿಂಟ್ ಲೆಕ್ಕ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಪ್ರವಾಸ ಸಿದ್ಧತೆಯ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ರಿವಾರ್ಡ್ ಪಾಯಿಂಟ್ ಎಂದರೆ ಮೊಬೈಲಿಗೆ ಬಂದು ಯಾರೂ ಓದದೆ ಹೋಗುವ ಒಂದು ಮೆಸೇಜ್. ಬಳ್ಳಾರಿಯ ಜೀನ್ಸ್ ಘಟಕದವರು ಬಟ್ಟೆಗೆ, ದಾರಕ್ಕೆ, ಜಿಪ್ಪಿಗೆ ಹಣ ಕಟ್ಟುತ್ತಾರೆ. ಗಂಗಾವತಿ, ಸಿಂಧನೂರಿನ ಭತ್ತದ ರೈತರು ಗೊಬ್ಬರಕ್ಕೆ, ಔಷಧಿಗೆ ಕಟ್ಟುತ್ತಾರೆ. ಸಂಬಳದವರು ಕಿರಾಣಿಗೆ, ಮಕ್ಕಳ ಫೀಸಿಗೆ ಕಟ್ಟುತ್ತಾರೆ. ಹಾಗೆ ಕಾರ್ಡಿನಲ್ಲಿ ಕಟ್ಟಿದ ಹಣಕ್ಕೆ ಬ್ಯಾಂಕು ಬಹುಮಾನವಾಗಿ ಕೊಡುವ, ಟಿಕೆಟ್ಟಿಗೋ ವೋಚರ್‌ಗೋ ಬದಲಾಯಿಸಿಕೊಳ್ಳಬಹುದಾದ ಒಂದಿಷ್ಟು ಪಾಯಿಂಟ್ ಬಂದು ಖಾತೆಯಲ್ಲಿ ಕೂತಿರುತ್ತದೆ, ಅವಧಿ ಮುಗಿದ ದಿನ ಸದ್ದಿಲ್ಲದೆ ಹೋಗುತ್ತದೆ. ಅದೇ ಮನೆಯ ಅವ್ವ-ಅಪ್ಪ ಕಾಶಿ ನೋಡಬೇಕೆಂದು ವರ್ಷಗಳಿಂದ ಹೇಳುತ್ತಿರುತ್ತಾರೆ. ಟಿಕೆಟ್ ದುಬಾರಿ, ಮುಂದಿನ ವರ್ಷ ನೋಡೋಣ ಎಂದು ನಾವು ಮುಂದೂಡುತ್ತಿರುತ್ತೇವೆ. ಇವೆರಡನ್ನೂ ಜೋಡಿಸುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಕಾಶಿಯನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಹಿರಿಯರು ಮೊದಲು ಕೇಳುವ ಊರು ಅದು. ದೆಹಲಿ, ಕೇರಳ, ಉಮ್ರಾ ಯಾವುದೇ ಆದರೂ ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ. ಇಡೀ ಬರಹದಲ್ಲಿ ನಾನು ಬಿಡದೆ ಹಿಡಿದುಕೊಂಡಿರುವ ಮಾತು ಒಂದೇ: ಪ್ರವಾಸ ಮೊದಲು ಗೊತ್ತಾಗಲಿ, ಪಾಯಿಂಟ್ ಆಮೇಲೆ. ಯಾವ ಊರು, ಯಾವ ತಿಂಗಳು, ಎಷ್ಟು ಜನ ಎಂಬುದು ಗೊತ್ತಿಲ್ಲದೆ ಪಾಯಿಂಟ್ ಕೂಡಿಡುವವರು ಕಡೆಗೆ ಅದನ್ನು ಮಿಕ್ಸರ್‌ಗೋ ಗಿಫ್ಟ್ ವೋಚರ್‌ಗೋ ಬದಲಾಯಿಸಿಕೊಂಡು ಅರ್ಧಕ್ಕರ್ಧ ಬೆಲೆ ಕಳೆದುಕೊಳ್ಳುತ್ತಾರೆ.

ಹಂತ 1: ತಿಂಗಳು ಮತ್ತು ಜನ

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುತ್ತದೆ ಎಂದು ಕಾಶಿಗೆ ಹೊರಡುವವರು ಬಹಳ. ರಾಯಚೂರಿನ ಬಿಸಿಲಿನಿಂದ ತಪ್ಪಿಸಿಕೊಂಡು ಅಷ್ಟೇ ಬಿಸಿಲಿರುವ ಇನ್ನೊಂದು ಊರಿಗೆ ಹೋಗಿ, ಹಿರಿಯರನ್ನು ಘಾಟಿನ ಮೆಟ್ಟಿಲು ಹತ್ತಿಸುವುದು ಬೇಡ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಉತ್ತರದಲ್ಲಿ ದಟ್ಟ ಮಂಜು; ರೈಲು ಗಂಟೆಗಟ್ಟಲೆ ತಡವಾಗುತ್ತದೆ, ವಿಮಾನ ರದ್ದಾಗುವುದೂ ಉಂಟು. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ, ಮಹಾಶಿವರಾತ್ರಿಗೆ ಕಾಶಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ಬಾಡಿಗೆಯೂ ಏರಿರುತ್ತದೆ. ಆ ದಿನಗಳೇ ಬೇಕೆಂಬ ಹರಕೆ ಇಲ್ಲದಿದ್ದರೆ ನವೆಂಬರ್‌ನ ಸಾಮಾನ್ಯ ವಾರಗಳು ಅಥವಾ ಶಿವರಾತ್ರಿಯನ್ನು ಬಿಟ್ಟು ಫೆಬ್ರವರಿಯ ದಿನಗಳು ಒಳ್ಳೆಯವು. ತುಂಗಭದ್ರಾ ಕಾಲುವೆಯ ಕೆಳಗಿನ ರೈತರಿಗೆ ನವೆಂಬರ್ ಎಂದರೆ ಭತ್ತದ ಕೊಯ್ಲು, ಹತ್ತಿಯವರಿಗೆ ಬಿಡಿಸುವ ಕಾಲ. ಹಾಗಾಗಿ ಒಕ್ಕಲುತನದ ಮನೆಗೆ ನನ್ನ ಸಲಹೆ ಫೆಬ್ರವರಿ: ಮಾಲು ಮಾರಿ ಕೈಯಲ್ಲಿ ದುಡ್ಡೂ ಇರುತ್ತದೆ.

ತಿಂಗಳು ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಕಾರ್ಡು, ಪಾಯಿಂಟ್ ಕೆಲಸಕ್ಕೆ ಎಂಟರಿಂದ ಹತ್ತು ತಿಂಗಳು ಮುಂಚೆ ಕೈ ಹಾಕಬೇಕು. ಹೆಸರು, ಗುರುತಿನ ಚೀಟಿ ಸರಿಪಡಿಸುವ ಕೆಲಸಕ್ಕೆ ಆರು ತಿಂಗಳು ಇಟ್ಟುಕೊಳ್ಳಿ. ವಿಮಾನದ ಟಿಕೆಟ್ ಮೂರು ತಿಂಗಳ ಆಸುಪಾಸಿನಲ್ಲಿ. ರೈಲಿಗೆ ಸರಿಯಾಗಿ 60 ದಿನ, ಏಕೆಂದರೆ 120 ದಿನ ಇದ್ದ ಮುಂಗಡ ಬುಕಿಂಗ್ ಅವಧಿಯನ್ನು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿಸಿದ್ದಾರೆ. ನಾಲ್ಕು ತಿಂಗಳು ಮುಂಚೆಯೇ ಮಾಡಿಸುತ್ತೇನೆ ಎಂದು ಹಳೆಯ ಲೆಕ್ಕದಲ್ಲಿರುವವರಿಗೆ ಇದನ್ನು ತಿಳಿಸಿ.

ಹಂತ 2: ಯಾವ ಊರಿನಿಂದ ಹೊರಡುವುದು

ಪ್ರವಾಸದ ಬಗ್ಗೆ ಬರುವ ಬಹುಪಾಲು ಸಲಹೆಗಳು ಮನೆಯಿಂದ ಒಂದು ಗಂಟೆಗೆ ವಿಮಾನ ನಿಲ್ದಾಣ ಸಿಗುವವರಿಗೆ ಬರೆದವು. ನಮಗೆ ಮೊದಲ 200, 300 ಕಿಲೋಮೀಟರೇ ದೊಡ್ಡ ಪ್ರಶ್ನೆ. ಪಾಯಿಂಟ್‌ನಲ್ಲಿ ಟಿಕೆಟ್ ಸಿಕ್ಕಿತು ಎಂದು ಖುಷಿಪಟ್ಟು, ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ಏನು ಬಂತು?

ರಾಯಚೂರಿನವರಿಗೆ ಹೈದರಾಬಾದ್ ಸಹಜವಾದ ದಾರಿ. ಶಕ್ತಿನಗರದ ಬಳಿ ಕೃಷ್ಣೆ ದಾಟಿ ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋದರೆ ಶಂಶಾಬಾದಿನ ವಿಮಾನ ನಿಲ್ದಾಣ ನಗರಕ್ಕಿಂತ ಮೊದಲೇ ಸಿಗುತ್ತದೆ. ಹೈದರಾಬಾದಿನ ಟ್ರಾಫಿಕ್ಕಿಗೆ ಇಳಿಯಬೇಕಾಗಿಲ್ಲ. ಬಳ್ಳಾರಿಯಿಂದ ಕಾರಿನಲ್ಲಿ ಹೋಗುವವರಿಗೂ ಇಂಥದ್ದೇ ಒಂದು ಅನುಕೂಲ ಇದೆ. ಅನಂತಪುರಕ್ಕೆ ಹೋಗಿ ಹೆದ್ದಾರಿ 44 ಹಿಡಿದರೆ ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿ. ಬೆಂಗಳೂರು ಊರೊಳಗೆ ಹೋಗದೆಯೇ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಬಹುದು. ರೈಲೇ ಆಗಬೇಕೆಂದರೆ ಬಳ್ಳಾರಿಯಿಂದ ಬೆಂಗಳೂರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದೆ. ರಾಯಚೂರಿನಿಂದ ಬೆಂಗಳೂರಿಗೆ ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್‌ಗಳಿವೆ. ಕೊಪ್ಪಳದವರು ಗದಗ ದಾರಿಯಲ್ಲಿ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಹಾರುವ ದರವನ್ನೂ ಒಮ್ಮೆ ನೋಡಲಿ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಸಣ್ಣ ಊರುಗಳಿಗೆ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯಡಿ ವಿಮಾನಗಳು ಶುರುವಾಗುವುದು, ನಿಲ್ಲುವುದು ನಡೆದೇ ಇದೆ. ನಿಮ್ಮ ತಿಂಗಳಿಗೆ ಹಾರಾಟ ಇದೆಯೇ ಎಂದು ನೋಡಿಯೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮನೆಯ ಹೆಣ್ಣುಮಕ್ಕಳಿಗೆ ಬೆಂಗಳೂರಿನವರೆಗೆ ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತ. ಸ್ಲೀಪರ್, ಎಸಿ, ರಾಜಹಂಸಕ್ಕೆ ಇದು ಸಲ್ಲುವುದಿಲ್ಲ. ರಾಜ್ಯದ ಗಡಿ ದಾಟುವ ಹೈದರಾಬಾದ್ ಬಸ್ಸಿಗೂ ಇಲ್ಲ. ವಯಸ್ಸಾದವರನ್ನು ಉಚಿತ ಎಂಬ ಒಂದೇ ಕಾರಣಕ್ಕೆ ಇಡೀ ರಾತ್ರಿ ಕೂತು ಬರುವ ಬಸ್ಸಿಗೆ ಹತ್ತಿಸಬೇಡಿ. ಅಲ್ಲಿ ಸ್ಲೀಪರ್‌ಗೆ ಖರ್ಚು ಮಾಡಿ.

ನೇರ ರೈಲೂ ಇದೆ. ಮೈಸೂರು–ವಾರಾಣಸಿ ಎಕ್ಸ್‌ಪ್ರೆಸ್ ವಾರದ ಕೆಲವು ದಿನ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮೇಲೆ ಹೋಗುತ್ತದೆ. ರಾಯಚೂರಿನವರು ಸಿಕಂದರಾಬಾದಿಗೆ ಹೋಗಿ ದಾನಾಪುರ ಎಕ್ಸ್‌ಪ್ರೆಸ್ ಹಿಡಿದರೆ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಇಳಿಯಬಹುದು. ಹಳಬರು ಮೊಗಲ್‌ಸರಾಯ್ ಎನ್ನುವುದು ಇದನ್ನೇ. ಕಾಶಿ ಅಲ್ಲಿಂದ ಹತ್ತಿರ.

ನನಗೆ ಹಿಡಿಸಿದ ಏರ್ಪಾಡು ಇದು: ಹೋಗುವಾಗ ರೈಲಿನ ಎಸಿ ದರ್ಜೆ, ಬರುವಾಗ ವಿಮಾನ. ಹೋಗುವಾಗ ಹಿರಿಯರಿಗೆ ಉತ್ಸಾಹ ಇರುತ್ತದೆ, ಕಿಟಕಿಯಾಚೆ ನರ್ಮದೆ ಕಂಡರೆ ಕೈ ಮುಗಿಯುತ್ತಾರೆ. ಬರುವಾಗ ಮೈ ಸೋತಿರುತ್ತದೆ. ಹಾಗಾಗಿ ಪಾಯಿಂಟ್‌ಗಳನ್ನು ಬರುವ ವಿಮಾನಕ್ಕೆಂದು ಎತ್ತಿಡಿ.

ಹಂತ 3: ಮನೆಯಲ್ಲಿ ಈಗಾಗಲೇ ಏನಿದೆ

ಹೊಸ ಕಾರ್ಡಿನ ಮಾತು ಆಮೇಲೆ. ಒಂದು ಭಾನುವಾರ ಕೂತು ಮನೆಯ ಎಲ್ಲರ ಬ್ಯಾಂಕ್ ಆ್ಯಪ್ ತೆರೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಕಾರ್ಡಿನ ಹೆಸರು, ಪಾಯಿಂಟ್ ಎಷ್ಟು, ಯಾವ ದಿನ ಅವಧಿ ಮುಗಿಯುತ್ತದೆ, ಯಾವುದಕ್ಕೆ ಬದಲಾಯಿಸಬಹುದು ಎಂಬ ನಾಲ್ಕು ಸಾಲು ಬರೆಯಿರಿ. ಕ್ರೆಡಿಟ್ ಕಾರ್ಡ್ ಇಲ್ಲದವರು ತಮಗೇನೂ ಇಲ್ಲ ಎಂದುಕೊಳ್ಳುತ್ತಾರೆ. ಡೆಬಿಟ್ ಕಾರ್ಡಿಗೂ ಪಾಯಿಂಟ್ ಬರುತ್ತದೆ. ಸ್ಟೇಟ್ ಬ್ಯಾಂಕಿನ ಗ್ರಾಹಕರಿಗೆ ಎಸ್‌ಬಿಐ ರಿವಾರ್ಡ್ಜ್ ಇದೆ. ಒಂದು ಪಾಯಿಂಟ್‌ಗೆ 25 ಪೈಸೆ. ಪೆನ್ಷನ್ ಖಾತೆಯ ಡೆಬಿಟ್ ಕಾರ್ಡನ್ನು ವರ್ಷಗಟ್ಟಲೆ ಬಳಸಿದ ಅಪ್ಪನ ಖಾತೆಯಲ್ಲಿ ಮಗನಿಗೇ ಗೊತ್ತಿಲ್ಲದಷ್ಟು ಕೂತಿರಬಹುದು.

ಮೊದಲೊಮ್ಮೆ ವಿಮಾನದಲ್ಲಿ ಹೋದವರು ಇದ್ದರೆ ಅದನ್ನೂ ಹುಡುಕಿ. ವಿಸ್ತಾರಾ ಕಂಪನಿ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಅದರ ಸದಸ್ಯರ ಪಾಯಿಂಟ್‌ಗಳೂ ಏರ್ ಇಂಡಿಯಾದ ಖಾತೆಗೆ ಹೋದವು. ಹಳೆಯ ಇಮೇಲ್‌ನಲ್ಲಿ ಸದಸ್ಯತ್ವದ ಸಂಖ್ಯೆ ಸಿಕ್ಕರೆ ಲಾಗಿನ್ ಆಗಿ ನೋಡಿ.

ಹಂತ 4: ಒಂದು ಪಾಯಿಂಟ್‌ನ ಬೆಲೆ ಎಷ್ಟು

ಈ ಒಂದು ಲೆಕ್ಕ ಬಂದರೆ ಅರ್ಧ ಕೆಲಸ ಆದಂತೆ. ಅದೇ ದಿನದ, ಅದೇ ವಿಮಾನದ ಟಿಕೆಟ್ ದುಡ್ಡು ಕೊಟ್ಟರೆ ಎಷ್ಟು ಎಂದು ನೋಡಿ. ಪಾಯಿಂಟ್‌ನಲ್ಲಿ ತೆಗೆದುಕೊಂಡರೂ ತೆರಿಗೆ, ಶುಲ್ಕ ಎಂದು ಕೈಯಿಂದ ಕಟ್ಟಬೇಕಾದ್ದು ಇರುತ್ತದೆ, ಅದನ್ನು ಕಳೆಯಿರಿ. ಉಳಿದದ್ದನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ವಾರಾಣಸಿಯಿಂದ ಹೈದರಾಬಾದಿಗೆ ಟಿಕೆಟ್ ₹7,200. ಪಾಯಿಂಟ್‌ನಲ್ಲಾದರೆ 8,000 ಪಾಯಿಂಟ್, ಜೊತೆಗೆ ₹1,200. ಏಳು ಸಾವಿರದ ಇನ್ನೂರರಲ್ಲಿ ಸಾವಿರದ ಇನ್ನೂರು ಹೋದರೆ ಆರು ಸಾವಿರ; ಅದನ್ನು ಎಂಟು ಸಾವಿರದಿಂದ ಭಾಗಿಸಿದರೆ ಪಾಯಿಂಟ್‌ಗೆ 75 ಪೈಸೆ. ಅದೇ 8,000 ಪಾಯಿಂಟ್‌ಗಳನ್ನು ಕಾರ್ಡಿನ ಬಿಲ್ಲಿಗೆ 25 ಪೈಸೆಯಂತೆ ವಜಾ ಹಾಕಿಸಿದ್ದರೆ ಸಿಗುತ್ತಿದ್ದುದು ₹2,000. ಒಂದೇ ಪಾಯಿಂಟ್, ಒಂದು ಕಡೆ ಮೂರು ಪಟ್ಟು ಬೆಲೆ.

ಇದು ಉಲ್ಟಾ ಆಗುವುದೂ ಇದೆ. ಆಫರ್‌ನಲ್ಲಿ ಅದೇ ಟಿಕೆಟ್ ₹3,400ಕ್ಕೆ ಸಿಗುತ್ತಿದ್ದರೆ ಪಾಯಿಂಟ್‌ನ ಬೆಲೆ 27 ಪೈಸೆ ಆಸುಪಾಸಿಗೆ ಬೀಳುತ್ತದೆ. ಆಗ ದುಡ್ಡೇ ಕೊಟ್ಟು ಪಾಯಿಂಟ್ ಉಳಿಸಿಕೊಳ್ಳಿ. ದರ ಏರಿದ ದಿನ ಪಾಯಿಂಟ್, ಇಳಿದ ದಿನ ದುಡ್ಡು.

ಉಳಿದುಕೊಳ್ಳುವ ಜಾಗಕ್ಕೆ ಪಾಯಿಂಟ್ ಸುರಿಯುವುದನ್ನು ಕಾಶಿಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ಗೊದೌಲಿಯಾ ಕಡೆ ಜಂಗಮವಾಡಿ ಮಠ ಇದೆ. ನಮ್ಮ ಕಡೆಯ ಭಕ್ತರು ತಲೆತಲಾಂತರದಿಂದ ಇಳಿದುಕೊಳ್ಳುವ ಜಾಗ. ಬೇರೆ ಬೇರೆ ಸಮುದಾಯದ ಛತ್ರ, ಧರ್ಮಶಾಲೆಗಳೂ ಇವೆ. ಕನ್ನಡ ಮಾತು ಕಿವಿಗೆ ಬೀಳುವ, ಹಿರಿಯರಿಗೆ ಒಗ್ಗುವ ಜಾಗ ಕಡಿಮೆ ಖರ್ಚಿನಲ್ಲಿ ಸಿಗುವಾಗ ದೂರದ ದೊಡ್ಡ ಹೋಟೆಲಿಗೆ ಪಾಯಿಂಟ್ ಯಾಕೆ? ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ, ಅಷ್ಟೆ.

ಹಂತ 5: ಪಾಯಿಂಟ್ ಗಳಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಜನ ಪಾಯಿಂಟ್‌ಗೆ ಆಸೆಪಟ್ಟು ಸಾಲಕ್ಕೆ ಬೀಳುವುದು ಈ ಹಂತದಲ್ಲೇ.

ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಪೂರ್ತಿ ಕಟ್ಟದಿದ್ದರೆ ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ. ₹40,000 ಬಾಕಿ ಉಳಿಸಿಕೊಂಡರೆ ಒಂದು ತಿಂಗಳಿಗೆ ₹1,400 ಬಡ್ಡಿ, ₹252 ತೆರಿಗೆ, ಒಟ್ಟು ₹1,652. ಆ ನಲವತ್ತು ಸಾವಿರದ ಖರ್ಚಿಗೆ ನಿಮಗೆ ಬಂದ ಪಾಯಿಂಟ್‌ಗಳ ಬೆಲೆ, ಒಳ್ಳೆಯ ಕಾರ್ಡೇ ಆದರೂ, ನಾನೂರು ರೂಪಾಯಿ ಇರಬಹುದು. ಇಡೀ ವರ್ಷದ ಪಾಯಿಂಟ್ ಒಂದೆರಡು ತಿಂಗಳ ಬಡ್ಡಿಗೆ ಹೋಗುತ್ತದೆ. ಆದ್ದರಿಂದ ಬಿಲ್ಲು ಖಾತೆಯಿಂದ ತಾನೇ ಕಟ್ಟಿಹೋಗುವಂತೆ ಆಟೋ ಪೇ ಹಾಕುವಾಗ ಬಿಲ್ಲಿನ ಪೂರ್ತಿ ಮೊತ್ತ ಎಂದೇ ಹಾಕಿ. ಕನಿಷ್ಠ ಮೊತ್ತ ಎಂಬುದನ್ನು ಮುಟ್ಟಬೇಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ವರ್ಷಕ್ಕೆ ಎರಡು ಸಲ ದುಡ್ಡು ಬರುವ ಒಕ್ಕಲುತನದವರಿಗೆ ಪ್ರತಿ ತಿಂಗಳು ಬಿಲ್ಲು ಕೇಳುವ ಕಾರ್ಡು ಅಷ್ಟಾಗಿ ಹೊಂದುವುದಿಲ್ಲ. ಮಾಲು ಮಾರಿದ ಹಣ ಬ್ಯಾಂಕಿನಲ್ಲಿ ಇರುವಾಗ ಮಾತ್ರ, ಆ ಹಣದಷ್ಟಕ್ಕೇ ಕಾರ್ಡು ಬಳಸಿ. ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆಯೇ ವಿಷಯ. ಅದು ಬೆಳೆಗೆ ಕೊಡುವ ಸಾಲ. ಸಕಾಲಕ್ಕೆ ತೀರಿಸಿದರೆ ಬಡ್ಡಿ ರಿಯಾಯಿತಿ, ತಪ್ಪಿದರೆ ಆ ರಿಯಾಯಿತಿ ಹೋಗುತ್ತದೆ. ಅದರ ದುಡ್ಡನ್ನು ಯಾವ ಪ್ರವಾಸಕ್ಕೂ ತರಬೇಡಿ.

ಹೊಸ ಕಾರ್ಡು ತೆಗೆದುಕೊಳ್ಳುವವರು ವಾರ್ಷಿಕ ಶುಲ್ಕ, ಎಷ್ಟು ಖರ್ಚು ಮಾಡಿದರೆ ಅದು ಮಾಫಿ, ಯಾವ ಖರ್ಚಿಗೆ ಪಾಯಿಂಟ್ ಇಲ್ಲ ಎಂಬ ಮೂರನ್ನು ಬರಹದಲ್ಲೇ ಕೇಳಿ. ಪೆಟ್ರೋಲು, ಚಿನ್ನ, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಣ ಹಾಕುವುದು, ಸರ್ಕಾರಿ ಶುಲ್ಕ ಇವುಗಳಿಗೆ ಎಷ್ಟೋ ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ. ಮದುವೆಯ ಚಿನ್ನ ಕಾರ್ಡಿನಲ್ಲಿ ತೆಗೆದರೆ ಕಾಶಿ ಟಿಕೆಟ್ ಬಂದೇಬಿಡುತ್ತದೆ ಎಂದು ನಂಬಿ ಅಂಗಡಿಗೆ ಹೋಗುವ ಮುನ್ನ ಈ ಪಟ್ಟಿ ನೋಡಿ. ಸಂಬಳದ ಚೀಟಿ ಇಲ್ಲದವರಿಗೆ ಫಿಕ್ಸೆಡ್ ಡಿಪಾಜಿಟ್ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳಿವೆ. ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ, ಸಾಲ ಸರಿಯಾಗಿ ತೀರಿಸುತ್ತೀರಾ ಎಂದು ಬ್ಯಾಂಕುಗಳು ನೋಡುವ ಅಂಕ, ಅಂದರೆ ಸಿಬಿಲ್ ಸ್ಕೋರೂ ಬೆಳೆಯುತ್ತದೆ.

ರೈಲಿನಲ್ಲೇ ಹೆಚ್ಚು ಓಡಾಡುವವರಿಗೆ ರೈಲು ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮಾರುವ ಐಆರ್‌ಸಿಟಿಸಿ ಜೊತೆ ಸೇರಿ ಬ್ಯಾಂಕುಗಳು ಕೊಡುವ ಕಾರ್ಡು ಉಪಯೋಗ. ಎಸ್‌ಬಿಐ ಕಾರ್ಡ್‌ನ ಐಆರ್‌ಸಿಟಿಸಿ ಕಾರ್ಡಿನಲ್ಲಿ ಒಂದು ಪಾಯಿಂಟ್ ಎಂದರೆ ಒಂದು ರೂಪಾಯಿ, ಅದನ್ನು ರೈಲು ಟಿಕೆಟ್ಟಿಗೇ ಬಳಸಬಹುದು. ಹೆಚ್ಚಿನ ಪಾಯಿಂಟ್ ಬರುವುದು ಎಸಿ ದರ್ಜೆಯ ಬುಕಿಂಗ್‌ಗೆ. ಬಳ್ಳಾರಿಯಿಂದ ಬೆಂಗಳೂರಿಗೆ ತಿಂಗಳಿಗೆರಡು ಸಲ ಎಸಿಯಲ್ಲಿ ಹೋಗಿಬರುವ ವ್ಯಾಪಾರಿಗೆ ಇದು ಸರಿ. ವರ್ಷಕ್ಕೊಮ್ಮೆ ಸ್ಲೀಪರ್‌ನಲ್ಲಿ ಹೋಗುವವರಿಗೆ ಶುಲ್ಕವೇ ಭಾರ.

ದಿನನಿತ್ಯದ ಖರ್ಚಿಗೆ ರುಪೇ ಕ್ರೆಡಿಟ್ ಕಾರ್ಡ್ ಒಳ್ಳೆಯದು. 2022ರಿಂದ ಇದನ್ನು ಯುಪಿಐಗೆ ಜೋಡಿಸಬಹುದು. ಕೊಪ್ಪಳದ ಕಿರಾಣಿ ಅಂಗಡಿಯಲ್ಲಿ ಸ್ವೈಪ್ ಮೆಷಿನ್ ಇರದಿದ್ದರೂ ಕ್ಯೂಆರ್ ಕೋಡ್ ಇರುತ್ತದೆ. ಫೋನ್‌ನಲ್ಲಿ ಕಾರ್ಡು ಆರಿಸಿ ಸ್ಕ್ಯಾನ್ ಮಾಡಿದರೆ ಆಯಿತು. ವ್ಯಾಪಾರಿಗಳ ಖಾತೆಗೆ ಮಾತ್ರ ಇದು ನಡೆಯುತ್ತದೆ, ಅಣ್ಣನಿಗೆ ಹಣ ಕಳಿಸಲು ಆಗದು. ಯುಪಿಐ ಖರ್ಚಿಗೆ ಪಾಯಿಂಟ್ ಎಷ್ಟೆಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ, ವಿಚಾರಿಸಿಕೊಳ್ಳಿ.

ಗೊಬ್ಬರದ ಅಂಗಡಿ, ಬಟ್ಟೆಯ ಹೋಲ್‌ಸೇಲ್‌ನಲ್ಲಿ ಕಾರ್ಡು ಕೊಟ್ಟರೆ ಶೇ 2 ಜಾಸ್ತಿ ಎನ್ನುವವರಿದ್ದಾರೆ. ಒಂದು ಲಕ್ಷಕ್ಕೆ ಎರಡು ಸಾವಿರ. ನೂರಕ್ಕೊಂದು ಪಾಯಿಂಟ್ ಬರುವ ಕಾರ್ಡಿನಲ್ಲಿ ಸಿಗುವುದು ಸಾವಿರ ಪಾಯಿಂಟ್. 75 ಪೈಸೆ ಹಿಡಿದರೂ ₹750. ಅಂಥ ಕಡೆ ಬ್ಯಾಂಕ್ ಖಾತೆಯಿಂದಲೇ ಕಟ್ಟಿ. ಕಾರ್ಡು ಉಜ್ಜಿ ಕಮಿಷನ್ ಕೊಟ್ಟು ನಗದು ತೆಗೆದುಕೊಳ್ಳುವ ದಂಧೆಗೆ ಪಾಯಿಂಟ್ ಆಸೆಗಾಗಿ ಹೋಗಬೇಡಿ. ಅದು ಬ್ಯಾಂಕಿನ ನಿಯಮಕ್ಕೆ ವಿರುದ್ಧ; ಕಾರ್ಡು ನಿಂತರೆ ಕೂಡಿಟ್ಟ ಪಾಯಿಂಟೂ ಹೋಗುತ್ತದೆ.

ಮನೆಯಾಕೆಗೋ ಮಗನಿಗೋ ನಿಮ್ಮ ಕಾರ್ಡಿನ ಮೇಲೆಯೇ ಕೊಡುವ ಹೆಚ್ಚುವರಿ ಕಾರ್ಡು (ಆ್ಯಡ್‌ಆನ್ ಕಾರ್ಡು) ಮಾಡಿಸಿದರೆ ಎಲ್ಲರ ಖರ್ಚಿನ ಪಾಯಿಂಟ್ ಒಂದೇ ಖಾತೆಗೆ ಸೇರುತ್ತದೆ. ಮಿತಿಯೂ ಬಿಲ್ಲೂ ಒಂದೇ ಆದ್ದರಿಂದ ಮನೆಯಲ್ಲಿ ಮಾತಾಡಿಕೊಂಡು ಬಳಸಿ. ಈಗ ನಿಜ ಹೇಳಬೇಕೆಂದರೆ, ವರ್ಷಕ್ಕೆ ₹3 ಲಕ್ಷ ಕಾರ್ಡಿನಲ್ಲಿ ಕಟ್ಟುವ ಮನೆಗೆ ನೂರಕ್ಕೊಂದರಂತೆ 3,000 ಪಾಯಿಂಟ್ ಬರುತ್ತದೆ. ನಾಲ್ಕು ಜನರನ್ನು ಪಾಯಿಂಟ್ ಒಂದೇ ಕಾಶಿಗೆ ಕರೆದೊಯ್ಯುವುದಿಲ್ಲ. ಕಾರ್ಡಿನ ಸ್ವಾಗತ ಬೋನಸ್, ಹಳೆಯ ಪಾಯಿಂಟ್, ಎಲ್ಲ ಸೇರಿ ಒಂದು ಅಥವಾ ಎರಡು ಟಿಕೆಟ್ ಇಳಿದರೆ ಅದೇ ದೊಡ್ಡದು. ಅವ್ವನ ಟಿಕೆಟ್, ಅಪ್ಪನ ಟಿಕೆಟ್ ಎಂದು ಗುರಿ ಇಟ್ಟುಕೊಳ್ಳಿ.

ಕಾರ್ಡು ಬೇಡವಾದಾಗ ಸುಮ್ಮನೆ ಕತ್ತರಿಸಿ ಎಸೆದರೆ ಶುಲ್ಕ ಬರುತ್ತಲೇ ಇರುತ್ತದೆ. ಬಾಕಿ ತೀರಿಸಿ ಮುಚ್ಚುವಂತೆ ಬರಹದಲ್ಲಿ ಕೇಳಿ. ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ ₹500 ದಂಡವನ್ನು ಬ್ಯಾಂಕೇ ನಿಮಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಮುಚ್ಚುವ ಮೊದಲು ಪಾಯಿಂಟ್ ಖಾಲಿ ಮಾಡಿಕೊಳ್ಳಿ.

ಹಂತ 6: ಹೆಸರು ಒಂದೇ ಇರಲಿ

ಏರ್ ಇಂಡಿಯಾಕ್ಕೆ ಮಹಾರಾಜ ಕ್ಲಬ್, ಇಂಡಿಗೋಕ್ಕೆ ಬ್ಲೂಚಿಪ್ ಎಂಬ, ಹಾರಿದ್ದಕ್ಕೆ ಪಾಯಿಂಟ್ ಕೊಡುವ ಸದಸ್ಯತ್ವ ಇದೆ, ಎರಡೂ ಉಚಿತ. ಪ್ರಯಾಣ ಮಾಡುವ ಪ್ರತಿಯೊಬ್ಬರಿಗೂ ಟಿಕೆಟ್ ತೆಗೆಯುವ ಮೊದಲೇ ಖಾತೆ ಮಾಡಿಸಿ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ಬೇರೆ ಬೇರೆ ದೇಶಗಳ ವಿಮಾನ ಕಂಪನಿಗಳ ಕೂಟದಲ್ಲಿ ಇರುವುದರಿಂದ ಅದರ ಪಾಯಿಂಟ್‌ಗಳು ವಿದೇಶದ ಕೆಲವು ವಿಮಾನಗಳಿಗೂ ನಡೆಯುತ್ತವೆ.

ನಮ್ಮವರಿಗೆ ತೊಡಕಾಗುವುದು ಹೆಸರು. ಆಧಾರ್‌ನಲ್ಲಿ ಬಸವರಾಜ ಎಚ್., ಪ್ಯಾನ್‌ನಲ್ಲಿ ಹನುಮಂತಪ್ಪ ಬಸವರಾಜ, ಪಾಸ್‌ಪೋರ್ಟ್‌ನಲ್ಲಿ ಬರೀ ಬಸವರಾಜ. ಅವ್ವನ ಹೆಸರಿಗೆ ಒಂದು ಕಡೆ ಅಮ್ಮ ಸೇರಿರುತ್ತದೆ, ಇನ್ನೊಂದು ಕಡೆ ಗಂಡನ ಹೆಸರು. ಸದಸ್ಯತ್ವದ ಖಾತೆಯ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ಹೊಂದದಿದ್ದರೆ ಪಾಯಿಂಟ್ ಜಮಾ ಆಗುವುದಿಲ್ಲ. ಟಿಕೆಟ್ಟಿಗೂ ಗುರುತಿನ ಚೀಟಿಗೂ ಹೊಂದದಿದ್ದರೆ ನಿಲ್ದಾಣದ ಬಾಗಿಲಲ್ಲೇ ತಡೆಯುತ್ತಾರೆ. ನಿಲ್ದಾಣಕ್ಕೆ ಯಾವ ಗುರುತಿನ ಚೀಟಿ ಒಯ್ಯುತ್ತೀರೋ ಅದರಲ್ಲಿರುವ ಅಕ್ಷರಗಳನ್ನೇ ಎಲ್ಲೆಡೆ ಹಾಕಿ. ಆಧಾರ್ ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಅದಕ್ಕೇ ಆರು ತಿಂಗಳು ಎಂದದ್ದು.

ಉಮ್ರಾ ಅಥವಾ ಗಲ್ಫ್ ಕಡೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದವರ ಪ್ರವೇಶಕ್ಕೆ ಯುಎಇ 2022ರ ನವೆಂಬರ್‌ನಲ್ಲಿ ನಿರ್ಬಂಧ ತಂದಿತು. ದುಬೈ ಮೇಲೆ ಹೋಗುವ ಟಿಕೆಟ್ ತೆಗೆಯುವ ಮೊದಲು ಈಗಿನ ನಿಯಮ ಕೇಳಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಲಿ. ವಿದೇಶದಲ್ಲಿ ಸಾಮಾನ್ಯ ಕ್ರೆಡಿಟ್ ಕಾರ್ಡ್ ಬಳಸಿದರೆ ವಿದೇಶಿ ಹಣಕ್ಕೆಂದು ಬ್ಯಾಂಕು ಹಾಕುವ ಶೇ 3.5 ಹೆಚ್ಚುವರಿ ಶುಲ್ಕ (ಮಾರ್ಕಪ್), ಅದರ ಮೇಲೆ ಜಿಎಸ್‌ಟಿ, ಸೇರಿ ಶೇ 4 ದಾಟುತ್ತದೆ. ಅಲ್ಲಿ ಬರುವ ಪಾಯಿಂಟ್ ಅದನ್ನು ತುಂಬಿಕೊಡುವುದಿಲ್ಲ.

ಹಂತ 7: ಬುಕ್ ಮಾಡುವ ಸರದಿ

ಮೊದಲು ಪಾಯಿಂಟ್‌ನ ವಿಮಾನ. ಪಾಯಿಂಟ್‌ಗೆ ಕೊಡುವ ಸೀಟುಗಳು ಎಲ್ಲ ದಿನ ಇರುವುದಿಲ್ಲ. ಹಾಗಾಗಿ ಬರುವ ದಿನವನ್ನು ಎರಡು ಮೂರು ದಿನ ಹಿಂದೆ ಮುಂದೆ ಮಾಡಲು ಸಿದ್ಧರಿರಿ. ಸೀಟು ಇದೆ ಎಂದು ಏರ್‌ಲೈನ್‌ನ ಆ್ಯಪ್‌ನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಕಾರ್ಡಿನ ಪಾಯಿಂಟ್‌ಗಳನ್ನು ಏರ್‌ಲೈನ್ ಖಾತೆಗೆ ವರ್ಗಾಯಿಸಿ. ಒಮ್ಮೆ ವರ್ಗಾಯಿಸಿದ್ದು ಹಿಂದಕ್ಕೆ ಬರುವುದಿಲ್ಲ. ಕೆಲವು ಬ್ಯಾಂಕುಗಳಿಂದ ನಿಮಿಷಗಳಲ್ಲಿ ಹೋಗುತ್ತದೆ, ಕೆಲವಕ್ಕೆ ದಿನಗಳು ಬೇಕು. ಬೇಕಾದಷ್ಟನ್ನೇ ಕಳಿಸಿ, ಉಳಿದದ್ದು ಕಾರ್ಡಿನಲ್ಲಿರಲಿ.

ಆಮೇಲೆ ರೈಲು. 60ನೇ ದಿನ ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ತತ್ಕಾಲ್ ಮೇಲೆ ಭರವಸೆ ಇಡಬೇಡಿ; ಎಸಿಗೆ ಹಿಂದಿನ ದಿನ ಬೆಳಿಗ್ಗೆ 10, ಉಳಿದದ್ದಕ್ಕೆ 11. 2025ರ ಜುಲೈನಿಂದ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು, ಹಾಗಾಗಿ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸ ಈಗಲೇ ಮುಗಿಸಿಡಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಆದರೆ ವಯಸ್ಸು ಸರಿಯಾಗಿ ಹಾಕಿದರೆ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಹೆಚ್ಚು.

ಕಡೆಗೆ ನಿಲ್ದಾಣದವರೆಗಿನ ಗಾಡಿ. ಸ್ವಂತ ಕಾರಿದ್ದು ವರ್ಷಪೂರ್ತಿ ಹೆದ್ದಾರಿಯಲ್ಲಿ ಓಡಾಡುವವರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭ: 2025ರ ಆಗಸ್ಟ್ 15ರಂದು ಶುರುವಾದಾಗ ₹3,000ಕ್ಕೆ 200 ಸಲ ಟೋಲ್ ದಾಟಬಹುದಿತ್ತು. ರಾಷ್ಟ್ರೀಯ ಹೆದ್ದಾರಿಗೆ, ಖಾಸಗಿ ವಾಹನಕ್ಕೆ ಮಾತ್ರ; ಬಾಡಿಗೆ ಗಾಡಿಗೆ ಇಲ್ಲ.

ಸರ್ಕಾರದ ಸಹಾಯವನ್ನೂ ಮರೆಯಬೇಡಿ. ಕಾಶಿಗೆ ಹೋಗಿಬಂದ ರಾಜ್ಯದ ಯಾತ್ರಿಕರಿಗೆ ಮುಜರಾಯಿ ಇಲಾಖೆಯಿಂದ ಸಹಾಯಧನ ಇದೆ. 2022ರಲ್ಲಿ ಅದು ₹5,000 ಇತ್ತು. ಈ ವರ್ಷ ಎಷ್ಟು, ಯಾವ ದಾಖಲೆ ಬೇಕು ಎಂಬುದನ್ನು ಹೊರಡುವ ಮೊದಲೇ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಟಿಕೆಟ್, ದರ್ಶನ ಮತ್ತು ಪೂಜೆಯ ರಸೀದಿ, ಅಲ್ಲಿ ತೆಗೆದ ಫೋಟೊ ಜೋಪಾನವಾಗಿರಲಿ. ಅಪ್ಪನ ಹೆಸರಿನ ಟಿಕೆಟ್ ಮಗನ ಪಾಯಿಂಟ್‌ನಲ್ಲಿ ಆಗಿದ್ದರೆ ಅದು ಪುರಾವೆಯಾಗಿ ನಡೆಯುತ್ತದೆಯೇ ಎಂದು ಅಲ್ಲಿಯೇ ವಿಚಾರಿಸಿ.

ಹಂತ 8: ಹೊರಡುವ ವಾರ

ಇಬ್ಬರು ಹಿರಿಯರಿದ್ದರೆ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ, ತಪ್ಪಿದರೆ ಎರಡು ದಿನ ಮುಂಚೆ ಏರ್‌ಲೈನ್‌ಗೆ ಫೋನ್ ಮಾಡಿ. ದೇಶದೊಳಗಿನ ಸಾಮಾನ್ಯ ಟಿಕೆಟ್‌ನಲ್ಲಿ ಒಬ್ಬರಿಗೆ 15 ಕೆಜಿ ಲಗೇಜು, ಕೈಯಲ್ಲಿ 7 ಕೆಜಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಹೋಗುವುದು ರೈಲಿನಲ್ಲಾದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಕಾರ್ಡಿನಲ್ಲಿ ಲಾಂಜ್ (ನಿಲ್ದಾಣದಲ್ಲಿ ಊಟ, ವಿಶ್ರಾಂತಿ ಸಿಗುವ ಕೋಣೆ) ಸೌಲಭ್ಯ ಇದೆ ಎಂದು ಅದನ್ನೇ ನಂಬಿ ಹಸಿದುಕೊಂಡು ನಿಲ್ದಾಣಕ್ಕೆ ಹೋಗಬೇಡಿ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಎಂದು ಎಷ್ಟೋ ಬ್ಯಾಂಕುಗಳು ಷರತ್ತು ಹಾಕಿವೆ. ಕಾರ್ಡು ಇದ್ದವರಿಗಷ್ಟೇ ಪ್ರವೇಶ, ಜೊತೆಗಿರುವ ಅವ್ವ-ಅಪ್ಪನಿಗೆ ಬೇರೆ ದುಡ್ಡು ಕಟ್ಟಬೇಕಾಗುತ್ತದೆ. ಅವರಿಗೆ ಆ್ಯಡ್‌ಆನ್ ಕಾರ್ಡು ಇದ್ದರೆ ಅದಕ್ಕೆ ಸೌಲಭ್ಯ ಇದೆಯೇ ಎಂದು ಮುಂಚೆ ನೋಡಿ.

ಪಾಯಿಂಟ್ ಹೆಸರಿನ ಮೋಸ

ಇದನ್ನು ಮನೆಯ ಹಿರಿಯರಿಗೆ ಕೂರಿಸಿಕೊಂಡು ಹೇಳಿ. "ನಿಮ್ಮ ರಿವಾರ್ಡ್ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ, ₹9,000 ಪಡೆಯಲು ಈ ಆ್ಯಪ್ ಹಾಕಿಕೊಳ್ಳಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಂಕಿನ ಲಾಂಛನ ಇರುವ ಮೆಸೇಜ್ ಬರುತ್ತದೆ, ಜೊತೆಗೆ ಫೋನಿಗೆ ಆ್ಯಪ್ ಹಾಕುವ ಎಪಿಕೆ ಫೈಲ್. ಒತ್ತಿದರೆ ಫೋನು ಅವರ ಕೈಗೆ ಹೋದಂತೆ, ಓಟಿಪಿ ಅವರೇ ಓದುತ್ತಾರೆ. ಇಂಥ ಲಿಂಕ್ ಅಥವಾ ಎಪಿಕೆಯನ್ನು ತಾನು ಕಳಿಸುವುದಿಲ್ಲ ಎಂದು ಸ್ಟೇಟ್ ಬ್ಯಾಂಕೇ ಎಚ್ಚರಿಸಿದೆ. ಪಾಯಿಂಟ್ ನೋಡುವುದಿದ್ದರೆ ಬ್ಯಾಂಕಿನ ಆ್ಯಪ್ ನೀವೇ ತೆರೆದು ನೋಡಿ. ದುಡ್ಡು ಹೋಗಿದ್ದರೆ ಯಾರನ್ನೂ ಬೈಯುತ್ತ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಹಿಂದಿರುಗಿದ ಮೇಲೆ

ಬೋರ್ಡಿಂಗ್ ಪಾಸ್ ಎಸೆಯಬೇಡಿ. ದುಡ್ಡು ಕೊಟ್ಟು ತೆಗೆದ ಟಿಕೆಟ್‌ಗಳ ಪಾಯಿಂಟ್ ಒಂದೆರಡು ವಾರದಲ್ಲಿ ಸದಸ್ಯತ್ವದ ಖಾತೆಗೆ ಬರಬೇಕು. ಬರದಿದ್ದರೆ ಬಿಟ್ಟುಹೋದ ಪಾಯಿಂಟ್ ಕೇಳುವ ಜಾಗ ಏರ್‌ಲೈನ್‌ನ ಆ್ಯಪ್‌ನಲ್ಲೇ ಇದೆ. ಟಿಕೆಟ್ ಸಂಖ್ಯೆ ಹಾಕಿ ಅರ್ಜಿ ಕೊಡಿ. ಸಹಾಯಧನದ ಅರ್ಜಿಯನ್ನೂ ಅದೇ ವಾರ ಸಲ್ಲಿಸಿ. ಪ್ರಯಾಣದ ಖರ್ಚೆಲ್ಲ ಸೇರಿ ಬಂದ ಕಾರ್ಡಿನ ಬಿಲ್ಲನ್ನು ಕಡೆಯ ದಿನದವರೆಗೆ ಕಾಯದೆ ಪೂರ್ತಿ ಕಟ್ಟಿಬಿಡಿ. ನೋಟ್‌ಬುಕ್ಕಿನಲ್ಲಿ ಉಳಿದ ಪಾಯಿಂಟ್, ಅವಧಿ ಮುಗಿಯುವ ದಿನ ತಿದ್ದಿ ಬರೆಯಿರಿ. ಚಿಕ್ಕಪ್ಪ-ಚಿಕ್ಕಮ್ಮನವರೂ ಕಾಶಿಗೆ ಹೊರಡುವ ಮಾತಾಡುತ್ತಿದ್ದರೆ ಆ ಪುಟವನ್ನು ಅವರಿಗೂ ತೋರಿಸಿ.